ಬಂಡೆಗೆ ಬೆಳಕು, ನೀರಿಗೆ ಸಮಯ: ಇರುಳಲ್ಲಿ ಜಲಪಾತದ ಚಿತ್ರ ತೆಗೆಯುವ ಬಗೆ

ಶಿವನಸಮುದ್ರದ ಗಗನಚುಕ್ಕಿಯಲ್ಲಿ ಜಲಪಾತೋತ್ಸವ ನಡೆಯುವ ರಾತ್ರಿ ಮೇಲೆತ್ತದ ಮೊಬೈಲೇ ಇರುವುದಿಲ್ಲ. ಬಂಡೆಗಳ ಮೇಲೆ ಕೆಂಪು, ಹಸಿರು, ನೀಲಿ ದೀಪಗಳು ಸರದಿಯಂತೆ ಬೀಳುತ್ತವೆ, ನೀರು ಥಳಥಳಿಸುತ್ತದೆ, ಜನ ಹೋ ಎನ್ನುತ್ತಾರೆ. ಬೆಳಗಾಗಿ ವಾಟ್ಸಾಪಿಗೆ ಬಂದ ಚಿತ್ರಗಳನ್ನು ನೋಡಿದರೆ, ಜಲಪಾತ ಇರಬೇಕಾದ ಕಡೆ ಗುಲಾಬಿ ಬಣ್ಣದ್ದೊಂದು ಮುದ್ದೆ. ನೀರಿನ ಎಳೆ ಕಾಣದು, ಬಂಡೆಯ ಮೈ ಕಾಣದು, ಸುತ್ತಲಿನ ಕಾಡಂತೂ ಇಲ್ಲವೇ ಇಲ್ಲ. ಫೋನನ್ನು ಬೈಯುವವರೇ ಹೆಚ್ಚು. ಆದರೆ ಲಕ್ಷ ರೂಪಾಯಿಯ ಕ್ಯಾಮೆರಾ ಹಿಡಿದು ನಿಂತವರಿಗೂ ಇದೇ ಗತಿಯಾಗುವುದುಂಟು. ಬೆಳಕು ಬೇಕಾದ್ದಕ್ಕಿಂತ ಹೆಚ್ಚು ಬಿದ್ದಿದೆ, ಅದೂ ಎದುರಿನಿಂದ ಬಿದ್ದಿದೆ. ಮೊದಲ ಕಾರಣ ಇದು. ಇದನ್ನು ಅರ್ಥ ಮಾಡಿಕೊಳ್ಳಲು ಕ್ಯಾಮೆರಾ ಪಕ್ಕಕ್ಕಿಟ್ಟು ಮೊದಲು ನೀರನ್ನು ನೋಡಬೇಕು.

ನಿಂತ ನೀರಿಗೆ ಟಾರ್ಚ್ ಹಾಯಿಸಿದರೆ ಬೆಳಕಿನ ಬಹುಪಾಲು ಒಳಕ್ಕೆ ನುಸುಳಿ ಹೋಗುತ್ತದೆ. ಅದೇ ನೀರು ಮೇಲಿನಿಂದ ಬಿದ್ದಾಗ ಗಾಳಿ ಬೆರೆತು ಲೆಕ್ಕವಿಲ್ಲದಷ್ಟು ಹನಿ, ನೊರೆಗುಳ್ಳೆಗಳಾಗಿ ಒಡೆಯುತ್ತದೆ. ಒಂದೊಂದು ಹನಿಯ ಮೈಯಲ್ಲೂ ಬೆಳಕು ಬಾಗಿ, ಮರಳಿ, ಎಲ್ಲ ದಿಕ್ಕಿಗೂ ಚೆದುರುತ್ತದೆ. ಜಲಪಾತ ಬೆಳ್ಳಗೆ ಕಾಣುವುದು ಇದರಿಂದ. ನೊರೆ ಯಾವ ಬಣ್ಣವನ್ನೂ ತನಗೆಂದು ಇಟ್ಟುಕೊಳ್ಳುವುದಿಲ್ಲ. ಕೆಂಪು ಬಿದ್ದರೆ ಕೆಂಪು, ನೀಲಿ ಬಿದ್ದರೆ ನೀಲಿ. ಪಕ್ಕದಲ್ಲಿರುವ ಒದ್ದೆ ಬಂಡೆಯ ಸ್ವಭಾವವೇ ಬೇರೆ. ಅದು ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ನುಂಗಿಬಿಡುತ್ತದೆ. ಹಾಗಾಗಿ ಒಂದೇ ದೀಪವನ್ನು ಎರಡರ ಮೇಲೂ ಒಂದೇ ಸಮ ಬಿಟ್ಟರೆ ಬಂಡೆ ಕಾಣುವಷ್ಟರಲ್ಲಿ ನೀರು ಉರಿದುಹೋಗಿರುತ್ತದೆ, ನೀರು ಹದಕ್ಕೆ ಬಂದಾಗ ಬಂಡೆ ಕಪ್ಪಾಗಿರುತ್ತದೆ. ಇರುಳಿನ ಜಲಪಾತದ ಚಿತ್ರ ಎಂದರೆ ಈ ಇಬ್ಬರ ಜಗಳ ಬಿಡಿಸುವ ಕೆಲಸ. ನನ್ನ ಮಟ್ಟಿಗೆ ಅದಕ್ಕೆ ಒಂದೇ ದಾರಿ: ಬಂಡೆಗೆ ಬೆಳಕು ಕೊಡಿ, ನೀರಿಗೆ ಸಮಯ ಕೊಡಿ. ನೀರಿಗೆ ಬೇಕಾದ ಬೆಳಕು ಹೇಗೂ ಅಕ್ಕಪಕ್ಕದಿಂದ ಸೋರಿ ಬಂದೇ ಬರುತ್ತದೆ.

ದಿಕ್ಕಿನ ವಿಷಯವೂ ಇಲ್ಲೇ ತೀರ್ಮಾನವಾಗುತ್ತದೆ. ಕ್ಯಾಮೆರಾ ಇರುವ ಕಡೆಯಿಂದಲೇ ಬೆಳಕು ಬಿದ್ದರೆ ಎಳೆ ಎಳೆಗೂ ನೆರಳು ಇಲ್ಲದೆ ನೀರು ಸುಣ್ಣ ಬಳಿದ ಗೋಡೆಯಾಗುತ್ತದೆ. ಬೆಳಕು ಬದಿಯಿಂದ ಬಂದರೆ ಒಂದು ಧಾರೆಯ ನೆರಳು ಪಕ್ಕದ ಧಾರೆಯ ಮೇಲೆ ಬಿದ್ದು ಆಳ ಸಿಗುತ್ತದೆ. ಇನ್ನೂ ಸ್ವಲ್ಪ ಹಿಂದಕ್ಕೆ ಸರಿದು ಓರೆಯಾಗಿ ನಮ್ಮ ಕಡೆಗೇ ಬಂದರೆ ತುಂತುರೆಲ್ಲ ಹೊತ್ತಿಕೊಂಡಂತೆ ಹೊಳೆಯುತ್ತದೆ, ಏಕೆಂದರೆ ನೀರಿನ ಹನಿ ಬೆಳಕನ್ನು ಹಿಂದಕ್ಕಿಂತ ಮುಂದಕ್ಕೆ ಹೆಚ್ಚು ಚೆದುರಿಸುತ್ತದೆ. ಉತ್ಸವದ ದೀಪಗಳನ್ನು ಪ್ರೇಕ್ಷಕರ ಕಡೆಯಿಂದ ಹಾಕಿರುತ್ತಾರೆ. ನೋಡುವ ಕಣ್ಣಿಗೆ ಅದು ಸರಿ, ಕ್ಯಾಮೆರಾಗೆ ಸರಿಯಲ್ಲ. ಅಂಥ ರಾತ್ರಿ ವೀಕ್ಷಣಾ ಕಟ್ಟೆಯ ನಡುವೆ ನೂಕಾಡುವ ಬದಲು ಒಂದು ತುದಿಗೆ ಹೋಗಿ ನಿಂತರೆ ಬೆಳಕಿನ ಕೋನ ಸ್ವಲ್ಪವಾದರೂ ಬದಲಾಗುತ್ತದೆ.

ಗುಲಾಬಿ ಮುದ್ದೆಗೆ ಇನ್ನೂ ಎರಡು ಕಾರಣಗಳಿವೆ. ಕ್ಯಾಮೆರಾದ ಸಂವೇದಕದಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಕಣಗಳಿವೆ. ಅಪ್ಪಟ ಕೆಂಪು ಎಲ್‌ಇಡಿ ಬಿದ್ದಾಗ ಕೆಂಪಿನ ಕಣಗಳು ತುಂಬಿ ತುಳುಕುತ್ತವೆ, ಉಳಿದೆರಡು ಖಾಲಿ ಕೂತಿರುತ್ತವೆ. ಕ್ಯಾಮೆರಾದ ಮೀಟರು ಮೂರರ ಸರಾಸರಿ ನೋಡಿ ಇನ್ನೂ ಬೆಳಕು ಸಾಲದು ಎಂದು ತೀರ್ಮಾನಿಸುತ್ತದೆ. ಕೆಂಪು ತುಂಬಿ ಹರಿದ ಮೇಲೆ ಅದರೊಳಗೆ ನೀರಿನ ಎಳೆಯ ಗುರುತು ಉಳಿಯುವುದಿಲ್ಲ, ಆಮೇಲೆ ಯಾವ ಸಾಫ್ಟ್‌ವೇರ್ ಬಂದರೂ ಅದನ್ನು ಮರಳಿ ತರಲಾಗದು. ಬಣ್ಣದ ದೀಪವಿದ್ದಾಗ ಮೀಟರು ಹೇಳಿದ್ದಕ್ಕಿಂತ ಒಂದೋ ಎರಡೋ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಬೆಳಕಿನಲ್ಲಿ ತೆಗೆಯಿರಿ. ಮೂರೂ ಬಣ್ಣದ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬೇರೆ ಬೇರೆಯಾಗಿ ತೋರಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನೇ ನಂಬಿ. ಕತ್ತಲಲ್ಲಿ ಪರದೆ ಬೇಕಾದ್ದಕ್ಕಿಂತ ಪ್ರಕಾಶವಾಗಿ ಕಾಣುವುದರಿಂದ ಅದನ್ನು ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ಇನ್ನೊಂದು, ಬಣ್ಣಗಳ ಕಲಸುಮೇಲೋಗರ. ಶಟರ್, ಅಂದರೆ ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಪರದೆ, ಎಂಟು ಸೆಕೆಂಡ್ ತೆರೆದಿದ್ದು ಅಷ್ಟರಲ್ಲಿ ದೀಪ ಮೂರು ಸಲ ಬಣ್ಣ ಬದಲಾಯಿಸಿದರೆ ಮೂರೂ ಒಂದರ ಮೇಲೊಂದು ಕೂತುಬಿಡುತ್ತವೆ. ಗೋಡೆಗೆ ಬಳಿಯುವ ಬಣ್ಣ ಬೆರೆತಂತೆ ಬೆಳಕು ಬೆರೆಯುವುದಿಲ್ಲ: ಕೆಂಪು, ಹಸಿರು ಸೇರಿದರೆ ಹಳದಿ, ಅದಕ್ಕೆ ನೀಲಿಯೂ ಸೇರಿದರೆ ಬಿಳುಪು. ಪ್ರಮಾಣ ಹೆಚ್ಚುಕಡಿಮೆಯಾದರೆ ಪೇಲವ ಗುಲಾಬಿ. ಇದನ್ನು ಅಪಾಯವಿಲ್ಲದೆ ಕಲಿಯಲು ಕೆಆರ್‌ಎಸ್‌ನ ಬೃಂದಾವನ ಉದ್ಯಾನಕ್ಕಿಂತ ಒಳ್ಳೆಯ ಜಾಗವಿಲ್ಲ. ಸಂಜೆ ದೀಪ ಹತ್ತಿದ ಮೇಲೆ ಅಲ್ಲಿನ ಮೆಟ್ಟಿಲಿಳಿಯುವ ನೀರು, ಕಾರಂಜಿ ಎರಡೂ ಇದೇ ಪಾಠ ಹೇಳಿಕೊಡುತ್ತವೆ. ಬಣ್ಣ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ ಎಂದು ಮೊದಲು ಎಣಿಸಿ, ಶಟರನ್ನು ಅದಕ್ಕಿಂತ ಕಡಿಮೆಗೆ ಇಡಿ. ಟ್ರೈಪಾಡ್ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಗೇಟಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಈಗ ಸಮಯದ ಮಾತು. ನೀರು ರೇಷ್ಮೆಯಂತೆ ಕಾಣಬೇಕಾದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲ. ಶಾಲೆಯ ಭೌತಶಾಸ್ತ್ರ ಸಾಕು, ಲೆಕ್ಕ ಹಾಕೋಣ. ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 60 ಅಡಿ ಧುಮುಕುತ್ತದೆ. ಅಡ್ಡಿಯಿಲ್ಲದೆ ಬಿದ್ದರೆ ಒಂದು ಹನಿ ತುದಿಯಿಂದ ತಳ ಮುಟ್ಟಲು ಎರಡು ಸೆಕೆಂಡಿಗೆ ಚೂರು ಕಡಿಮೆ ಹೊತ್ತು ಸಾಕು. ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 19 ಮೀಟರ್, ಅಂದರೆ ಗಂಟೆಗೆ 68 ಕಿಲೋಮೀಟರ್ ಆಸುಪಾಸು. ನಿಜದಲ್ಲಿ ಬಂಡೆಗೆ ಬಡಿದು, ಗಾಳಿಗೆ ಸಿಕ್ಕಿ ಇನ್ನಷ್ಟು ನಿಧಾನವಾಗುತ್ತದೆ ಅನ್ನಿ. ಶಟರ್ ಎರಡು ಸೆಕೆಂಡ್ ತೆರೆದಿದ್ದರೆ ಜಲಪಾತದ ಹನಿ ಹನಿಯೂ ತನ್ನ ಇಡೀ ದಾರಿಯನ್ನು ಚಿತ್ರದ ಮೇಲೆ ಎಳೆದು ಮುಗಿಸಿರುತ್ತದೆ. ಆಮೇಲೆ ಹತ್ತು ಸೆಕೆಂಡ್ ಇಟ್ಟರೂ, ಮೂವತ್ತು ಇಟ್ಟರೂ ಹೊಸ ಹನಿಗಳು ಅದೇ ಗೆರೆಯ ಮೇಲೆ ಮತ್ತೆ ಗೆರೆ ಎಳೆಯುತ್ತವೆಯೇ ಹೊರತು ನೀರು ಇನ್ನಷ್ಟು ನುಣುಪಾಗುವುದು ಅತ್ಯಲ್ಪ. ಎಳೆಗಳೆಲ್ಲ ಸರಾಸರಿಯಾಗಿ ಮಂಜಿನಂತೆ ಕೂಡಿಕೊಳ್ಳುತ್ತವೆ.

ಹೀಗಾಗಿ ನೀರಿನ ಎಳೆ ಬೇಕೆನ್ನುವವರಿಗೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಒಳ್ಳೆಯ ಅಳತೆ. ರಾತ್ರಿ ಮೂವತ್ತು ಸೆಕೆಂಡ್ ತೆರೆಯುವುದು ನುಣುಪಿಗಾಗಿ ಅಲ್ಲ, ಬೆಳಕು ಸಾಲದ್ದರಿಂದ. ಈ ಎರಡನ್ನೂ ಒಂದೇ ಎಂದುಕೊಂಡವರು ಎಲ್ಲ ಜಲಪಾತವನ್ನೂ ಹಾಲಿನ ಹೊಳೆ ಮಾಡಿಡುತ್ತಾರೆ. ಅಂಥ ಚಿತ್ರಗಳು ನನಗೆ ಬೇಸರ ತಂದಿವೆ. ಮಳೆಗಾಲದ ಕಾವೇರಿ ಕೆಂಪು ಮಣ್ಣು ಹೊತ್ತು ಭೋರ್ಗರೆಯುವಾಗ ಅದನ್ನು ಹತ್ತಿಯಂತೆ ತೋರಿಸುವುದು ಸುಳ್ಳಿನ ಹತ್ತಿರ ಹತ್ತಿರ ಹೋಗುತ್ತದೆ.

ಸೂರ್ಯ ಮುಳುಗಿದ ಮೇಲಿನ ಅರೆಬೆಳಕು ಈ ತೊಡಕಿಗೆ ಅರ್ಧ ಪರಿಹಾರ. ಆಗ ಆಕಾಶ ಇನ್ನೂ ನೀಲಿಯಾಗಿರುತ್ತದೆ, ಬಂಡೆಯ ಆಕಾರ ಕಾಣುತ್ತಿರುತ್ತದೆ, ಟಾರ್ಚಿನ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಆದರೆ ನಮ್ಮ ಕಡೆ ಈ ಹೊತ್ತು ತೀರಾ ಚಿಕ್ಕದು. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಮೈಸೂರು, ಮಂಡ್ಯದಲ್ಲಿ ಇಪ್ಪತ್ತೆರಡು ನಿಮಿಷ ಆಚೀಚೆ ಈ ಮುಸ್ಸಂಜೆ ಮುಗಿದುಬಿಡುತ್ತದೆ. ಮೂರ್ನಾಲ್ಕು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕಿಳಿಯುತ್ತದೆ. ಫ್ರೇಮು, ಫೋಕಸ್ಸು ಎಲ್ಲ ಸೂರ್ಯ ಇರುವಾಗಲೇ ಕಟ್ಟಿಟ್ಟುಕೊಂಡಿರಬೇಕು.

ಕೈಯಲ್ಲಿ ಹಿಡಿದ ದೀಪ ಎಲ್ಲಿಯವರೆಗೆ ಹೋದೀತು? ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ನಾಲ್ಕರಷ್ಟಾದರೆ ಹದಿನಾರನೇ ಒಂದಕ್ಕೆ. ಹತ್ತು ಅಡಿಯಲ್ಲಿ ಬಂಡೆಯನ್ನು ಚೆನ್ನಾಗಿ ತೋರಿಸುವ ಟಾರ್ಚ್ ನಲವತ್ತು ಅಡಿಯಲ್ಲಿ ಅದೇ ಕೆಲಸ ಮಾಡಲು ಹದಿನಾರು ಪಟ್ಟು ಹೊತ್ತು ಬೇಕು. ಗಗನಚುಕ್ಕಿಯ ವೀಕ್ಷಣಾ ಕಟ್ಟೆಗೂ ನೀರಿಗೂ ನಡುವೆ ಇಡೀ ಕಣಿವೆಯೇ ಇದೆ. ಅಲ್ಲಿ ಟಾರ್ಚ್ ಹಿಡಿಯುವುದು ನಿಷ್ಪ್ರಯೋಜಕ. ಉತ್ಸವದ ದೀಪ ಬೇಕು, ಇಲ್ಲವೇ ಹುಣ್ಣಿಮೆ. ತಮಾಷೆಯೆಂದರೆ, 1902ರಲ್ಲಿ ಇದೇ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. ನಾಡಿಗೆ ಬೆಳಕು ಕೊಟ್ಟ ಜಲಪಾತ ರಾತ್ರಿ ಕತ್ತಲಲ್ಲೇ ಇರುತ್ತದೆ. ವಿದ್ಯುತ್ತಿಗೆಂದು ಮೇಲೆಯೇ ನೀರು ತಿರುಗಿಸುವುದರಿಂದ ಬೇಸಿಗೆಯಲ್ಲಿ ಜಲಪಾತ ಸೊರಗುತ್ತದೆ ಎಂಬುದನ್ನೂ ಹೊರಡುವ ಮುಂಚೆ ಲೆಕ್ಕಕ್ಕಿಟ್ಟುಕೊಳ್ಳಿ.

ಬೆಳಕಿನ ಕೈಚಳಕ ಕಲಿಯಬೇಕಾದವರು ದೊಡ್ಡ ಜಲಪಾತಕ್ಕೆ ಹೋಗಲೇಬಾರದು ಎಂಬುದು ನನ್ನ ಅಭಿಪ್ರಾಯ. ಮಂಡ್ಯದ ಯಾವ ಹಳ್ಳಿಗೆ ಹೋದರೂ ಒಂದು ಕೆರೆ ಇದೆ, ಮಳೆ ಚೆನ್ನಾಗಿ ಆದ ವರ್ಷ ಕೋಡಿ ಬೀಳುತ್ತದೆ. ಕೋಡಿಯ ಕಲ್ಲುಕಟ್ಟಡದಿಂದ ನಾಲ್ಕೈದು ಅಡಿ ಇಳಿಯುವ ನೀರು, ಪಕ್ಕದಲ್ಲಿ ಒಂದು ಹುಣಸೆಮರ, ಹಿಂದೆ ಕಬ್ಬಿನ ಗದ್ದೆ: ಇದಕ್ಕಿಂತ ಹೆಚ್ಚೇನು ಬೇಕು? ಹಗಲಲ್ಲೇ ಹೋಗಿ ಊರವರಿಗೆ ಹೇಳಿ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ರಾತ್ರಿ ಹೊತ್ತು ಕೆರೆ ಏರಿಯ ಮೇಲೆ ಟಾರ್ಚ್ ಆಡಿಸಿದರೆ ಕಳ್ಳರೆಂದುಕೊಳ್ಳುತ್ತಾರೆ, ಅದು ಬೇರೆ ವಿಷಯ.

ಟ್ರೈಪಾಡನ್ನು ಹರಿಯುವ ನೀರಿನಲ್ಲಿ ಊರಬೇಡಿ, ಕಾಲಿಗೆ ನೀರು ಬಡಿಯುತ್ತಲೇ ಇದ್ದರೆ ಚಿತ್ರವೆಲ್ಲ ನಡುಗಿರುತ್ತದೆ. ಒಣಕಲ್ಲಿನ ಮೇಲೆ ನಿಲ್ಲಿಸಿ. ಕತ್ತಲಲ್ಲಿ ಆಟೊಫೋಕಸ್ ಹಿಡಿಯುವುದಿಲ್ಲ. ಟಾರ್ಚನ್ನು ಕೋಡಿಯ ಕಲ್ಲಿನ ಅಂಚಿಗೆ ಬಿಟ್ಟು ಫೋಕಸ್ ಮಾಡಿ, ತಕ್ಷಣ ಮ್ಯಾನ್ಯುಯಲ್‌ಗೆ ಬದಲಿಸಿ. ಐಎಸ್‌ಒ (ಸಂವೇದಕದ ಸೂಕ್ಷ್ಮತೆ) 200, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 8, ಶಟರ್ ಇಪ್ಪತ್ತು ಸೆಕೆಂಡ್. ಇಲ್ಲಿಂದ ಶುರುಮಾಡಿದರೆ ಹೆಚ್ಚುಕಡಿಮೆ ಮಾಡಿಕೊಳ್ಳುವುದು ಸುಲಭ. ಜೊತೆಯವರು ನೀರಿನ ಬದಿಗೆ, ಫ್ರೇಮಿನ ಆಚೆ ನಿಲ್ಲಲಿ. ನೀರಿನ ಸದ್ದಿಗೆ ಕೂಗಿದ್ದು ಕೇಳದು, ಹಾಗಾಗಿ ಮೊದಲೇ ಮಾತಾಡಿಕೊಂಡಿರಬೇಕು.

“ಬಿಡ್ಲಾ ಅಣ್ಣಾ?”

“ಮೊದ್ಲು ಕಲ್ ಮ್ಯಾಲ್ ಬಿಡಪ್ಪಾ, ಆರು ಎಣ್ಸು. ಆಮ್ಯಾಕೆ ನೀರ್ ಮ್ಯಾಲೆ ಎರಡೇ ಎಣ್ಸಿ ಆರ್ಸ್‌ಬುಡು.”

ಆರು ಮತ್ತು ಎರಡು. ಇಡೀ ವಿದ್ಯೆ ಇರುವುದು ಈ ಅನುಪಾತದಲ್ಲಿ. ಟಾರ್ಚ್ ಒಂದು ಕಡೆ ನಿಂತರೆ ಅಲ್ಲಿ ಬಿಳಿ ಕಲೆ ಬೀಳುತ್ತದೆ; ಗೋಡೆಗೆ ಸುಣ್ಣ ಹೊಡೆಯುವವರ ಕೈಯಂತೆ ಅದು ಆಡುತ್ತಲೇ ಇರಬೇಕು. ಟಾರ್ಚಿನ ಮೂತಿ ಕ್ಯಾಮೆರಾಗೆ ಕಂಡರೆ ಚಿತ್ರದಲ್ಲಿ ಬೆಳಕಿನ ಗೆರೆ ಮೂಡುತ್ತದೆ, ಅದಕ್ಕೆ ಕಪ್ಪು ಕಾಗದವನ್ನು ಕೊಳವೆಯಂತೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಶಟರ್ ತೆರೆದಿರುವ ಇಪ್ಪತ್ತು ಸೆಕೆಂಡಿನಲ್ಲಿ ಹನ್ನೆರಡು ಸೆಕೆಂಡ್ ಕತ್ತಲು. ಆ ಹೊತ್ತಿನಲ್ಲಿ ನೀರು ಎಷ್ಟೇ ಹರಿದರೂ ಚಿತ್ರಕ್ಕೆ ಲೆಕ್ಕವಿಲ್ಲ. ಶಟರ್ ಎಷ್ಟೇ ಹೊತ್ತು ತೆರೆದಿರಲಿ, ನೀರಿನ ಪಾಲಿಗೆ ಎಕ್ಸ್‌ಪೋಷರ್ ಎಂದರೆ ಅದರ ಮೇಲೆ ಟಾರ್ಚ್ ಬಿದ್ದ ಎರಡು ಸೆಕೆಂಡ್ ಮಾತ್ರ. ಇದು ಹೊಳೆದ ದಿನದಿಂದ ರಾತ್ರಿಯ ಚಿತ್ರ ತೆಗೆಯುವುದು ಹಗಲಿಗಿಂತ ಸುಲಭ ಅನ್ನಿಸತೊಡಗುತ್ತದೆ. ಹಗಲಲ್ಲಿ ಸೂರ್ಯ ಹೇಳಿದಂತೆ ಕೇಳಬೇಕು. ಇಲ್ಲಿ ಯಾವ ಕಲ್ಲು ಕಾಣಬೇಕು, ಯಾವುದು ಕತ್ತಲಲ್ಲಿ ಉಳಿಯಬೇಕು ಎಂಬುದು ನಮ್ಮ ಕೈಯಲ್ಲಿದೆ.

ಟಾರ್ಚಿನ ಬದಲು ಫ್ಲ್ಯಾಶ್ ಬಳಸಿದರೆ ಫಲ ತದ್ವಿರುದ್ಧ. ಫ್ಲ್ಯಾಶಿನ ಮಿಂಚು ಪೂರ್ತಿ ಶಕ್ತಿಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು, ತೀರಾ ಕಡಿಮೆ ಶಕ್ತಿಯಲ್ಲಿ ಇಪ್ಪತ್ತು ಸಾವಿರದಲ್ಲೊಂದು ಭಾಗದವರೆಗೂ ಇಳಿಯುತ್ತದೆ. ಚುಂಚನಕಟ್ಟೆಯ ತಳದ ಹನಿಯ ಲೆಕ್ಕ ತೆಗೆದುಕೊಳ್ಳಿ: ಸಾವಿರದಲ್ಲೊಂದು ಭಾಗದ ಹೊತ್ತಿನಲ್ಲಿ ಅದು ಎರಡು ಸೆಂಟಿಮೀಟರ್ ಸರಿದಿರುತ್ತದೆ, ಇಪ್ಪತ್ತು ಸಾವಿರದಲ್ಲೊಂದು ಭಾಗದಲ್ಲಿ ಒಂದು ಮಿಲಿಮೀಟರ್. ಹನಿ ಗಾಜಿನ ಗುಂಡಿನಂತೆ ನಿಲ್ಲಬೇಕಾದರೆ ಫ್ಲ್ಯಾಶಿನ ಶಕ್ತಿ ಕಡಿಮೆ ಮಾಡಿ, ಹತ್ತಿರ ಇಡಿ. ಮುಸ್ಸಂಜೆಯಲ್ಲಿ ಶಟರ್ ಒಂದು ಸೆಕೆಂಡ್ ತೆರೆದು ಕೊನೆಗೆ ಬದಿಯಿಂದ ಒಂದು ಮಿಂಚು ಬಿಟ್ಟರೆ ರೇಷ್ಮೆಯಂಥ ಧಾರೆ, ಅದರ ಮೇಲೆ ನಿಂತ ಹನಿಗಳು, ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ. ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆ ಮಾತ್ರ ಇಡಬಾರದು. ಲೆನ್ಸಿನ ಮುಂದೆ ತೇಲುವ ತುಂತುರಿಗೆ ಮೊದಲು ಬೆಳಕು ಬಡಿದು ಚಿತ್ರದ ತುಂಬ ಬಿಳಿ ಬೊಟ್ಟುಗಳು ಬೀಳುತ್ತವೆ.

ಬಣ್ಣ ಬೇಕೆ? ಮಂಡ್ಯದಲ್ಲಿ ಅದಕ್ಕೆ ಬಡತನವಿಲ್ಲ. ಊರೂರಲ್ಲಿ ಕುರುಕ್ಷೇತ್ರ ನಾಟಕಕ್ಕೆ ಸೀನರಿ ಹಾಕುವವರ ಹತ್ತಿರ ದೀಪದ ಮುಂದೆ ಕಟ್ಟುವ ಜಿಲೆಟಿನ್ ಪೇಪರ್ ಇರುತ್ತದೆ. ಕೈಯಗಲದ ತುಂಡು ಟಾರ್ಚಿಗೆ ಧಾರಾಳ. ಆದರೆ ನನಗೆ ಹಿಡಿಸುವುದು ಬಣ್ಣವೇ ಇಲ್ಲದಂತೆ ಕಾಣುವ ಒಂದು ಉಪಾಯ. ಟಾರ್ಚಿಗೆ ಕಿತ್ತಳೆ ಹಾಳೆ ಕಟ್ಟಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಡಿ. ಹಳೆಯ ಬಲ್ಬಿನ ಹಳದಿಯನ್ನು ಬಿಳಿ ಎಂದು ಎಣಿಸು ಎಂದು ಕ್ಯಾಮೆರಾಗೆ ಹೇಳಿದ ಹಾಗಾಯಿತು. ಆಗ ಕಿತ್ತಳೆ ಟಾರ್ಚ್ ಬಿದ್ದ ಕಲ್ಲು ತನ್ನ ಸಹಜ ಬಣ್ಣದಲ್ಲಿ ಕಾಣುತ್ತದೆ, ಟಾರ್ಚ್ ಬೀಳದ ಆಕಾಶ, ಗದ್ದೆ, ನೀರು ಎಲ್ಲ ನೀಲಿಗೆ ಇಳಿಯುತ್ತವೆ. ಇರುಳು ಇರುಳಾಗಿಯೇ ಉಳಿಯುತ್ತದೆ. ಕೆಂಪು, ಹಸಿರು, ನೇರಳೆಗಳನ್ನು ಒಟ್ಟಿಗೆ ಸುರಿಯುವವರಿಗೆ ದಸರಾ ದೀಪಾಲಂಕಾರ ಇದ್ದೇ ಇದೆ.

ಹುಣ್ಣಿಮೆಯ ಬೆಳಕು ಹಗಲಿನ ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಭಾಗ. ಅಷ್ಟರಲ್ಲೇ ಚಿತ್ರ ಬರುತ್ತದೆ: ಚಂದ್ರ ಮೇಲೇರಿದ ಮೇಲೆ ಐಎಸ್‌ಒ 400, ಎಫ್ 2.8, ಹದಿನೈದರಿಂದ ಮೂವತ್ತು ಸೆಕೆಂಡ್. ಅರ್ಧಚಂದ್ರ ಇದ್ದರೆ ಬೆಳಕೂ ಅರ್ಧ ಎಂದುಕೊಳ್ಳಬೇಡಿ, ಅದು ಹುಣ್ಣಿಮೆಯ ಹತ್ತನೇ ಒಂದು ಭಾಗದಷ್ಟೇ. ಬೆಳದಿಂಗಳು ನೀಲಿ ಎಂಬುದು ಕಣ್ಣಿನ ಆಟ. ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಬಿಟ್ಟು, ನೀಲಿ-ಹಸಿರಿನ ಕಡೆಗೆ ಹೆಚ್ಚು ಸೂಕ್ಷ್ಮವಾದ ಇನ್ನೊಂದು ಬಗೆಯ ಕೋಶಗಳು ದುಡಿಯುತ್ತವೆ. ನಿಜಕ್ಕೆ ಬೆಳದಿಂಗಳು ಬಿಸಿಲಿಗಿಂತ ಚೂರು ಹಳದಿಯೇ. ಕ್ಯಾಮೆರಾಗೆ ಈ ಕುರುಡಿಲ್ಲವಾದ್ದರಿಂದ ಚಂದ್ರನ ಕಾಮನಬಿಲ್ಲು ಕೂಡ ಅದಕ್ಕೆ ಬಣ್ಣಬಣ್ಣವಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಬರೀ ಬಿಳಿ ಕಮಾನು. ಚಂದ್ರ ನಿಮ್ಮ ಬೆನ್ನ ಹಿಂದೆ, ದಿಗಂತದಿಂದ 42 ಡಿಗ್ರಿಗಿಂತ ಕಡಿಮೆ ಎತ್ತರದಲ್ಲಿ, ಎದುರಿಗೆ ದಟ್ಟ ತುಂತುರು. ಇಷ್ಟು ಕೂಡಿಬಂದರೆ ಅದು ಕಾಣುತ್ತದೆ. ನೀರು ತುಂಬಿರುವ ಜುಲೈ, ಆಗಸ್ಟಿನಲ್ಲಿ ಮೋಡ ಬಿಡುವುದಿಲ್ಲ, ಮೋಡ ಬಿಡುವಾಗ ನೀರಿಲ್ಲ. ಅಕ್ಟೋಬರ್, ನವೆಂಬರಿನ ಹುಣ್ಣಿಮೆಗಳೇ ನಮಗೆ ಗತಿ.

ಎಲ್ಲೆಂದರಲ್ಲಿ ರಾತ್ರಿ ಹೋಗಲಾಗದು, ಹೋಗಲೂಬಾರದು. ಭರಚುಕ್ಕಿ ನದಿಯಾಚೆ ಚಾಮರಾಜನಗರ ಜಿಲ್ಲೆಗೆ ಸೇರಿದ್ದು, ಅಲ್ಲಿ ಸಂಜೆಯಾದ ಮೇಲೆ ಬಿಡುವುದಿಲ್ಲ. ಮುತ್ತತ್ತಿಯ ಸುತ್ತ ಕಾವೇರಿ ವನ್ಯಜೀವಿಧಾಮ, ಆನೆ ಓಡಾಡುವ ಕಾಡು. ಬಲಮುರಿ, ಎಡಮುರಿಗಳು ನೋಡಲು ಸೌಮ್ಯ, ಆದರೆ ನದಿಯ ಮೇಲ್ಗಡೆ ಕೆಆರ್‌ಎಸ್ ಅಣೆಕಟ್ಟೆ ಇದೆ. ಗೇಟು ಎತ್ತಿದರೆ ನೀರು ಏರುವುದು ಕತ್ತಲಲ್ಲಿ ತಿಳಿಯುವುದಿಲ್ಲ. ಜಲಾಶಯದಿಂದ ನೀರು ಬಿಡುವ ಮುನ್ಸೂಚನೆ ಪತ್ರಿಕೆಯಲ್ಲಿ, ಡಂಗುರದಲ್ಲಿ ಬಂದಿದ್ದರೆ ಆ ವಾರ ನದಿಯ ತಂಟೆ ಬೇಡ. ಚುಂಚನಕಟ್ಟೆಯಲ್ಲಿ ರಾಮದೇವರ ಗುಡಿ ಪಕ್ಕದಲ್ಲೇ ಇರುವುದರಿಂದ ಜನರ ಓಡಾಟ ಇರುತ್ತದೆ, ಮುಸ್ಸಂಜೆಯ ಚಿತ್ರಕ್ಕೆ ಅದು ಅನುಕೂಲ. ಆ ಗುಡಿಯ ಗರ್ಭಗುಡಿಯೊಳಗೆ ಜಲಪಾತದ ಸದ್ದು ಕೇಳಿಸುವುದಿಲ್ಲ ಎಂದು ಊರವರು ಹೇಳುತ್ತಾರೆ, ಹೋದಾಗ ಕಿವಿಗೊಟ್ಟು ನೋಡಿ. ಉರಿಯುವ ಉಕ್ಕಿನ ನಾರು ತಿರುಗಿಸಿ ಕಿಡಿ ಹಾರಿಸುವ ಚಿತ್ರಗಳು ಜಾಲತಾಣಗಳಲ್ಲಿ ಬಹಳ ಓಡಾಡುತ್ತಿವೆ. ಒಣಹುಲ್ಲು, ಕಬ್ಬಿನ ತರಗು ಇರುವ ನಾಡಿನಲ್ಲಿ ಅದು ಹುಚ್ಚುತನ.

ಮೊಬೈಲಿನವರಿಗೆ ಒಂದು ಮಾತು. ನೈಟ್ ಮೋಡ್ ಎಂಬುದು ಹಲವು ಚಿಕ್ಕ ಚಿತ್ರಗಳನ್ನು ಹೊಂದಿಸಿ ಒಂದು ಮಾಡುವ ತಂತ್ರ. ನಿಂತ ಗುಡಿಗೆ ಅದು ಚೆನ್ನ, ಓಡುವ ನೀರನ್ನು ಹೊಂದಿಸಲು ಹೋಗಿ ಕಲಸಿಬಿಡುತ್ತದೆ. ಪ್ರೊ ಮೋಡ್‌ಗೆ ಹೋಗಿ ಐಎಸ್‌ಒ 100, ಶಟರ್ ಎರಡರಿಂದ ನಾಲ್ಕು ಸೆಕೆಂಡ್ ಇಟ್ಟು, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎರಡು ಸೆಕೆಂಡಿನ ಟೈಮರಿನಿಂದ ತೆಗೆಯಿರಿ. ಮೇಲೆ ಹೇಳಿದ ಟಾರ್ಚಿನ ಅನುಪಾತ ಇಲ್ಲಿಯೂ ನಡೆಯುತ್ತದೆ, ಎಣಿಕೆ ಮಾತ್ರ ಶಟರಿಗೆ ತಕ್ಕಂತೆ ಕಡಿಮೆಯಾಗಬೇಕು.

ಒಂದೇ ಸಲಕ್ಕೆ ಬಂಡೆ, ನೀರು, ಮರ ಎಲ್ಲಕ್ಕೂ ಹದವಾಗಿ ಬೆಳಕು ಬೀಳುವುದು ಅಪರೂಪ. ಹಾಗಾಗಿ ಅನುಭವಿಗಳು ಟ್ರೈಪಾಡ್ ಅಲುಗಿಸದೆ ಬೇರೆ ಬೇರೆ ಚಿತ್ರ ತೆಗೆಯುತ್ತಾರೆ: ಒಂದರಲ್ಲಿ ಎಡಗಡೆಯ ಕಲ್ಲಿಗೆ ಮಾತ್ರ ಬೆಳಕು, ಇನ್ನೊಂದರಲ್ಲಿ ಮರಕ್ಕೆ, ಮತ್ತೊಂದರಲ್ಲಿ ನೀರಿಗೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ‘ಲೈಟನ್’ ಎಂಬ ವಿಧಾನ ಆರಿಸಿದರೆ ಪ್ರತಿ ಬಿಂದುವಿನಲ್ಲೂ ಎಲ್ಲಕ್ಕಿಂತ ಬೆಳ್ಳಗಿರುವುದಷ್ಟೇ ಉಳಿದುಕೊಳ್ಳುತ್ತದೆ, ಕತ್ತಲು ತಾನಾಗಿ ಬಿದ್ದುಹೋಗುತ್ತದೆ. ನೀರಿಗೆ ಬೆಳಕು ಬಿಟ್ಟ ಚಿತ್ರ ಮಾತ್ರ ಒಂದೇ ಇರಲಿ. ಎರಡು ಸೇರಿಸಿದರೆ ಬೇರೆ ಬೇರೆ ಹೊತ್ತಿನ ಎಳೆಗಳು ಒಂದರೊಳಗೊಂದು ತುಂಬಿಕೊಂಡು ಧಾರೆ ಮತ್ತೆ ಗೋಡೆಯಾಗುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳನ್ನು ಕಳೆಯುವ ಸೌಲಭ್ಯ) ಚಾಲೂ ಇದ್ದರೆ ಮೂವತ್ತು ಸೆಕೆಂಡಿನ ಚಿತ್ರವಾದ ಮೇಲೆ ಕ್ಯಾಮೆರಾ ಇನ್ನೂ ಮೂವತ್ತು ಸೆಕೆಂಡ್ ಕಣ್ಣು ಮುಚ್ಚಿ ಕೂರುತ್ತದೆ. ಮುಸ್ಸಂಜೆಯ ಇಪ್ಪತ್ತೆರಡು ನಿಮಿಷದಲ್ಲಿ ಅದನ್ನು ಆರಿಸಿಡಿ. ಪೂರ್ತಿ ಕತ್ತಲಾದ ಮೇಲೆ ಬೇಕಾದರೆ ಹಾಕಿಕೊಳ್ಳಿ, ಆಗ ಯಾವ ಅವಸರವೂ ಇರುವುದಿಲ್ಲ.